ಆಟದ ಕಂಪ್ಯೂಟರಿಗೆ ಯಾವ ವಿಂಡೋಸ್?

ಮಲಪ್ರಭೆಯ ದಂಡೆಯ ರಾಮದುರ್ಗದಂಥ ತಾಲ್ಲೂಕು ಊರಿನಲ್ಲಿ ಆಟಕ್ಕೆಂದೇ ಬೇರೆ ಕಂಪ್ಯೂಟರ್ ಇಡುವ ಮನೆ ಅಪರೂಪ. ರಾತ್ರಿ ಗೇಮ್ ನಡೆಯುವ ಯಂತ್ರದಲ್ಲೇ ಹಗಲು ಕಾಲೇಜಿನ ಅರ್ಜಿ ತುಂಬಬೇಕು, ಬ್ಯಾಂಕಿನ ವ್ಯವಹಾರ ನೋಡಬೇಕು. 2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಸಾಮಾನ್ಯ ಬೆಂಬಲ ಮುಗಿದ ಮೇಲೆ ಇಂಥ ಮನೆಗಳಿಗೆಲ್ಲ ಎದುರಾಗಿರುವ ಪ್ರಶ್ನೆ ಒಂದೇ: 11ಕ್ಕೆ ಹೋಗಬೇಕೇ, ಇದ್ದದ್ದರಲ್ಲೇ ಇರಬೇಕೇ? ಕಳೆದ ಕಾಲು ಶತಮಾನದಲ್ಲಿ ಈ ಪ್ರಶ್ನೆ ಹಲವು ಸಲ ಬಂದುಹೋಗಿದೆ. ಹೊಸದೆಂಬ ಒಂದೇ ಕಾರಣಕ್ಕೆ ವಿಂಡೋಸ್ ಬದಲಿಸಿದವರಿಗೆ ದಕ್ಕಿದ್ದು ಕಡಿಮೆ. ಹೊಸದು ನಿಜವಾದ ಅನುಕೂಲ ತಂದಾಗ, ಇಲ್ಲವೇ ಹಳೆಯದನ್ನು ಸುತ್ತಲಿನವರೆಲ್ಲ ಕೈಬಿಟ್ಟಾಗ ಬದಲಿಸಿದವರೇ ಗೆದ್ದರು.

ನಿಜವಾದ ಅನುಕೂಲಕ್ಕೆ ಒಳ್ಳೆಯ ಉದಾಹರಣೆ 2001ರ ಅಕ್ಟೋಬರ್‌ನಲ್ಲಿ ಬಂದ ವಿಂಡೋಸ್ ಎಕ್ಸ್‌ಪಿ. ವಿಂಡೋಸ್ 98ರಲ್ಲಿ ಒಂದು ಗೇಮ್ ಕೆಟ್ಟರೆ ಇಡೀ ಯಂತ್ರವೇ ನಿಲ್ಲುವುದು ಮಾಮೂಲಾಗಿತ್ತು. ಎಕ್ಸ್‌ಪಿಯ ಗಟ್ಟಿ ಬುನಾದಿ ಅದನ್ನು ಬಹುಮಟ್ಟಿಗೆ ತಪ್ಪಿಸಿತು. ಕನ್ನಡಿಗರಿಗೆ ಅದು ಇನ್ನೊಂದನ್ನೂ ಕೊಟ್ಟಿತು. ಕಂಟ್ರೋಲ್ ಪ್ಯಾನೆಲ್‌ನ ಭಾಷೆಯ ವಿಭಾಗದಲ್ಲಿ ಒಂದು ಚೌಕಕ್ಕೆ ಗುರುತು ಹಾಕಿ, ಕೇಳಿದಾಗ ಎಕ್ಸ್‌ಪಿಯ ಸಿ.ಡಿ. ಹಾಕಿದರೆ, ತುಂಗಾ ಅಕ್ಷರಶೈಲಿಯಲ್ಲಿ ಯೂನಿಕೋಡ್ ಕನ್ನಡ ಮೂಡುತ್ತಿತ್ತು. ಅಲ್ಲಿಯವರೆಗೆ ಬರಹ, ನುಡಿಯಂಥ ತಂತ್ರಾಂಶಗಳ ಪ್ರತ್ಯೇಕ ಫಾಂಟ್‌ಗಳೇ ಗತಿಯಾಗಿದ್ದವು. ನಷ್ಟವೂ ಇತ್ತು: ಹಳೆಯ ಡಾಸ್ ಗೇಮ್‌ಗಳಲ್ಲಿ ಕೆಲವು ಧ್ವನಿಯಿಲ್ಲದೆ ಓಡಿದವು, ಕೆಲವು ತೆರೆದುಕೊಳ್ಳಲೇ ಇಲ್ಲ. 2002ರಲ್ಲಿ ಬಂದ, ಡಾಸ್ ಗೇಮ್ ಓಡಿಸುವ ಡಾಸ್‌ಬಾಕ್ಸ್ ತಂತ್ರಾಂಶ ಆ ಕೊರತೆಯನ್ನು ತುಂಬುತ್ತ ಬಂತು. ಲಾಭದ ತಕ್ಕಡಿಯೇ ಭಾರವಾಗಿತ್ತು.

ಎಕ್ಸ್‌ಪಿಯ ನಂತರದ ವಿಂಡೋಸ್ ವಿಸ್ಟಾದಲ್ಲಿ ಆದದ್ದು ಬೇರೆ. 2007ರಲ್ಲಿ, ಗೇಮ್‌ಗಳು ಚಿತ್ರ ಮೂಡಿಸಲು ಬಳಸುವ ಡೈರೆಕ್ಟ್‌ಎಕ್ಸ್‌ನ 10ನೇ ಆವೃತ್ತಿ ವಿಸ್ಟಾಕ್ಕೆ ಮಾತ್ರ ಎಂದಿತು ಮೈಕ್ರೋಸಾಫ್ಟ್. ಹೇಲೋ 2 ಗೇಮ್ ಕೂಡ ವಿಸ್ಟಾ ಇದ್ದರೆ ಮಾತ್ರ ಎಂದಿತು. ಆದರೆ ಹೇಲೋ 2 ಬಳಸಿದ್ದು ಎಕ್ಸ್‌ಪಿಯಲ್ಲೂ ಇದ್ದ ಡೈರೆಕ್ಟ್‌ಎಕ್ಸ್ 9ನ್ನೇ. ಡೈರೆಕ್ಟ್‌ಎಕ್ಸ್ 12 ವಿಂಡೋಸ್ 10ರ ಜೊತೆ 2015ರಲ್ಲಿ ಬಂತು. 2019ರಲ್ಲಿ ವರ್ಲ್ಡ್ ಆಫ್ ವಾರ್‌ಕ್ರಾಫ್ಟ್‌ಗಾಗಿ ಅದನ್ನು ವಿಂಡೋಸ್ 7ಕ್ಕೂ ತಂದದ್ದು ಮೈಕ್ರೋಸಾಫ್ಟೇ. ಅಂದಮೇಲೆ ‘ಹೊಸ ಆಟಕ್ಕೆ ಹೊಸ ವಿಂಡೋಸ್ ಬೇಕೇ ಬೇಕು’ ಎಂಬ ಮಾತಿನ ಹಿಂದೆ ತಂತ್ರಜ್ಞಾನದ ಅಗತ್ಯಕ್ಕಿಂತ ವ್ಯಾಪಾರದ ಲೆಕ್ಕವೇ ಎಷ್ಟೋ ಸಲ ದೊಡ್ಡದಾಗಿತ್ತು.

ಹಾಗಾದರೆ ಹಳೆಯದರಲ್ಲೇ ಉಳಿಯಬಾರದೇಕೆ ಎಂದು ಕೇಳಬಹುದು. ಇಂಟರ್‌ನೆಟ್ ಜೋಡಿಸದೆ ಹಳೆಯ ಆಟವಷ್ಟೇ ಆಡುವವರು ಉಳಿಯಬಹುದು. ಭದ್ರತಾ ಅಪ್‌ಡೇಟ್ ನಿಂತ ಮೇಲೆ, ಬ್ಯಾಂಕಿನ ಪಾಸ್‌ವರ್ಡ್ ಟೈಪಿಸುವ ಯಂತ್ರಕ್ಕೆ ಆ ಮಾತು ಸಲ್ಲದು. ಗೇಮ್ ಅಂಗಡಿಗಳೂ ಕಾಯುವುದಿಲ್ಲ: ಸ್ಟೀಮ್ 2019ರ ಜನವರಿಯಲ್ಲಿ ಎಕ್ಸ್‌ಪಿ, ವಿಸ್ಟಾಗಳನ್ನೂ 2024ರ ಜನವರಿಯಲ್ಲಿ ವಿಂಡೋಸ್ 7, 8ನ್ನೂ ಕೈಬಿಟ್ಟಿತು. ಲಿನಕ್ಸ್ ಹಾಕಿದರಾಯಿತು ಎನ್ನುವವರ ವಾದದಲ್ಲೂ ಹುರುಳಿದೆ. 2018ರಲ್ಲಿ ಬಂದ ಪ್ರೋಟಾನ್ ಎಂಬ ತಂತ್ರಾಂಶದಿಂದ ಸಾವಿರಾರು ವಿಂಡೋಸ್ ಗೇಮ್‌ಗಳು ಅಲ್ಲಿ ಓಡುತ್ತವೆ. ಆದರೆ ವಾಲರಂಟ್‌ನಂಥ ಗೇಮ್‌ಗಳು ಓಡುವುದಿಲ್ಲ. ಇನ್ನು 11 ಹಾಕಿದರೆ ಗೇಮ್ ವೇಗವಾಗುತ್ತದೆ ಎಂಬ ನಂಬಿಕೆ: ಆ ವೇಗವನ್ನು ಮುಖ್ಯವಾಗಿ ತೀರ್ಮಾನಿಸುವುದು ಗ್ರಾಫಿಕ್ಸ್ ಕಾರ್ಡ್ ಮತ್ತು ಪ್ರೊಸೆಸರ್.

ಆದ್ದರಿಂದ ಇವತ್ತಿನ ತೀರ್ಮಾನ ಕಷ್ಟದ್ದಲ್ಲ. ಇಂಟೆಲ್ 8ನೇ ತಲೆಮಾರಿನ ಅಥವಾ ಅದಕ್ಕಿಂತ ಹೊಸ ಪ್ರೊಸೆಸರ್ ಇದ್ದರೆ ಮೊದಲು ಯಂತ್ರದ ಬಯಾಸ್ ಸೆಟ್ಟಿಂಗ್‌ಗೆ ಹೋಗಿ, 11ಕ್ಕೆ ಬೇಕಾದ ಟಿಪಿಎಂ ಎಂಬ ಭದ್ರತಾ ಸೌಲಭ್ಯ ಆಫ್ ಆಗಿದೆಯೇ ನೋಡಿ. ‘ನಿಮ್ಮ ಯಂತ್ರ 11ಕ್ಕೆ ತಕ್ಕುದಲ್ಲ’ ಎಂಬ ಸಂದೇಶಕ್ಕೆ ಎಷ್ಟೋ ಸಲ ಅದೊಂದೇ ಕಾರಣ. ಆನ್ ಮಾಡಿ, ಕಡತಗಳನ್ನು ಬೇರೆ ಡಿಸ್ಕ್‌ಗೆ ನಕಲಿಸಿ, 11 ಹಾಕಿಕೊಳ್ಳಿ. ಯಂತ್ರ ಅದಕ್ಕಿಂತ ಹಳೆಯದಾದರೆ ವಿಂಡೋಸ್ 10ಕ್ಕೆ 2026ರ ಅಕ್ಟೋಬರ್‌ವರೆಗೆ ಸಿಗುವ ಹೆಚ್ಚುವರಿ ಭದ್ರತಾ ಅಪ್‌ಡೇಟ್‌ಗೆ ನೋಂದಾಯಿಸಿ, ಅಷ್ಟರೊಳಗೆ ಲಿನಕ್ಸೋ ಹೊಸ ಯಂತ್ರವೋ ಎಂಬುದನ್ನು ನಿಮ್ಮ ಮನೆಯಲ್ಲಿ ಆಡುವ ಗೇಮ್‌ಗಳ ಪಟ್ಟಿ ನೋಡಿ ನಿರ್ಧರಿಸಿ. ಜಾಹೀರಾತು ನೋಡಿ ಮಾತ್ರ ನಿರ್ಧರಿಸಬೇಡಿ.