ಕರ್ನಾಟಕದಲ್ಲಿ ವೃತ್ತಿ ತೆರಿಗೆ

ವೃತ್ತಿ ತೆರಿಗೆಯು ಸಂಬಳ, ಕಸುಬು ಅಥವಾ ವ್ಯಾಪಾರದಿಂದ ವರಮಾನ ಪಡೆಯುವವರ ಮೇಲೆ ರಾಜ್ಯವು ವಿಧಿಸುವ ನೇರ ತೆರಿಗೆ. ಕರ್ನಾಟಕದಲ್ಲಿ ಇದನ್ನು ಕರ್ನಾಟಕ ವೃತ್ತಿಗಳ, ಕಸುಬುಗಳ, ಆಜೀವಿಕೆಗಳ ಮತ್ತು ಉದ್ಯೋಗಗಳ ಮೇಲಣ ತೆರಿಗೆ ಅಧಿನಿಯಮ, 1976ರ ಅಡಿಯಲ್ಲಿ ವಾಣಿಜ್ಯ ತೆರಿಗೆಗಳ ಇಲಾಖೆ ಸಂಗ್ರಹಿಸುತ್ತದೆ. ನೌಕರರ ಪಾಲನ್ನು ಮಾಲೀಕರೇ ಸಂಬಳದಲ್ಲಿ ಮುರಿದುಕೊಂಡು ಕಟ್ಟುತ್ತಾರೆ. ಸ್ವಂತ ವೃತ್ತಿಯವರು ನೋಂದಾಯಿಸಿಕೊಂಡು ತಾವೇ ಪಾವತಿಸಬೇಕು. ನೆರೆಯ ಕೇರಳದಲ್ಲಿ ಇದು ಸ್ಥಳೀಯ ಸಂಸ್ಥೆಗಳ ತೆರಿಗೆಯಾಗಿದ್ದು, ಕಾಸರಗೋಡಿನ ಕನ್ನಡಿಗರು ಪಂಚಾಯತಿಗೋ ನಗರಸಭೆಗೋ ಕಟ್ಟುತ್ತಾರೆ. ದೆಹಲಿ, ಹರಿಯಾಣ ಮತ್ತು ಉತ್ತರ ಪ್ರದೇಶಗಳಲ್ಲಿ ಈ ತೆರಿಗೆಯೇ ಇಲ್ಲ.

ಸಂವಿಧಾನದ ಮಿತಿ

ಸಂವಿಧಾನದ 276ನೆಯ ವಿಧಿಯು ಒಬ್ಬ ವ್ಯಕ್ತಿಯಿಂದ ವರ್ಷಕ್ಕೆ ಪಡೆಯಬಹುದಾದ ವೃತ್ತಿ ತೆರಿಗೆಯನ್ನು ಮೊದಲು 250 ರೂಪಾಯಿಗೆ ಸೀಮಿತಗೊಳಿಸಿತ್ತು. 1988ರ 60ನೆಯ ತಿದ್ದುಪಡಿಯು ಅದನ್ನು 2,500 ರೂಪಾಯಿಗೆ ಏರಿಸಿತು. ಅಲ್ಲಿಂದೀಚೆಗೆ ಈ ಮಿತಿ ಬದಲಾಗಿಲ್ಲ. ಹೆಚ್ಚು ಗಳಿಸುವವರಿಂದ ಹೆಚ್ಚು ಪಡೆಯಲು ರಾಜ್ಯವು ಬಯಸಿದರೂ ದಾರಿಯಿಲ್ಲ. ಕಡಿಮೆ ಗಳಿಸುವವರನ್ನು ಬಿಡುವುದಷ್ಟೇ ಅದರ ಕೈಯಲ್ಲಿದೆ.

ವಿನಾಯಿತಿಯ ಏರಿಕೆ

ಕರ್ನಾಟಕದ ಸುಧಾರಣೆಗಳು ಈ ದಾರಿಯಲ್ಲೇ ಸಾಗಿವೆ. 2015ರ ಏಪ್ರಿಲ್‌ನಿಂದ ತಿಂಗಳಿಗೆ 15,000 ರೂಪಾಯಿಗಿಂತ ಕಡಿಮೆ ಸಂಬಳದವರು ತೆರಿಗೆಯಿಂದ ಹೊರಗುಳಿದರು. 2023ರ ಏಪ್ರಿಲ್‌ 1ರಿಂದ ಈ ಗಡಿ 25,000 ರೂಪಾಯಿಗೆ ಏರಿತು. ಅಷ್ಟು ಅಥವಾ ಅದಕ್ಕಿಂತ ಹೆಚ್ಚು ಪಡೆಯುವವರು ತಿಂಗಳಿಗೆ 200 ರೂಪಾಯಿ ಕೊಡಬೇಕು. 2025ರ ತಿದ್ದುಪಡಿಯು ಫೆಬ್ರುವರಿಯ ಕಂತನ್ನು 300 ರೂಪಾಯಿ ಮಾಡಿದ್ದರಿಂದ ವರ್ಷದ ಮೊತ್ತವು 2,400ರಿಂದ 2,500ಕ್ಕೆ, ಅಂದರೆ ಸಂವಿಧಾನದ ಮಿತಿಗೆ, ತಲುಪಿತು. 60 ವರ್ಷ ದಾಟಿದವರಿಗೆ ವಿನಾಯಿತಿ ಇದೆ.

ನ್ಯಾಯದ ಪ್ರಶ್ನೆ

ತಿಂಗಳಿಗೆ 25,000 ರೂಪಾಯಿ ದುಡಿಯುವವರಿಗೆ ಈ ತೆರಿಗೆ ವಾರ್ಷಿಕ ವರಮಾನದ ಶೇ. 0.83ರಷ್ಟಾಗುತ್ತದೆ, 2,50,000 ರೂಪಾಯಿ ಪಡೆಯುವವರಿಗೆ ಶೇ. 0.083. ಗಡಿಯ ಸಮೀಪದಲ್ಲಿ ಇನ್ನೊಂದು ವಿಚಿತ್ರವಿದೆ. ಸಂಬಳ 24,900ರಿಂದ 25,000ಕ್ಕೆ ಏರಿದ ನೌಕರನಿಗೆ ತಿಂಗಳಿಗೆ ನೂರು ರೂಪಾಯಿ ಹೆಚ್ಚುವರಿ ಬಂದು, ಇನ್ನೂರು ಕಡಿತವಾಗುತ್ತದೆ. ಬಡ್ತಿಯಿಂದ ಕೈಗೆ ಸಿಗುವ ಹಣವೇ ತಗ್ಗುತ್ತದೆ. ತೆರಿಗೆಯ ಘಟಕವು ಕುಟುಂಬವಲ್ಲ, ವ್ಯಕ್ತಿ. ತಲಾ 24,000 ರೂಪಾಯಿ ದುಡಿಯುವ ದಂಪತಿಗೆ ತೆರಿಗೆಯಿಲ್ಲ. 26,000 ರೂಪಾಯಿಯಲ್ಲಿ ಐವರನ್ನು ಸಾಕುವ ಏಕೈಕ ದುಡಿಮೆಗಾರ ಪೂರ್ಣ ಮೊತ್ತ ತೆರಬೇಕು. ಮಹಾರಾಷ್ಟ್ರವು 25,000 ರೂಪಾಯಿವರೆಗಿನ ವಿನಾಯಿತಿಯನ್ನು ಮಹಿಳೆಯರಿಗಷ್ಟೇ ನೀಡಿದೆ. ಕರ್ನಾಟಕದಲ್ಲಿ ಅದು ಎಲ್ಲರಿಗೂ ಅನ್ವಯಿಸುತ್ತದೆ. ಆದಾಯ ತೆರಿಗೆಯ ಹಳೆಯ ಪದ್ಧತಿಯಲ್ಲಿ ವೃತ್ತಿ ತೆರಿಗೆಯನ್ನು ಸಂಬಳದಿಂದ ಕಳೆದು ಲೆಕ್ಕ ಹಾಕಬಹುದು, ಹೊಸ ಪದ್ಧತಿಯಲ್ಲಿ ಆ ಸೌಲಭ್ಯವಿಲ್ಲ.

ಕೊಪ್ಪಳ ಜಿಲ್ಲೆ

1997ರಲ್ಲಿ ರಾಯಚೂರಿನಿಂದ ಬೇರ್ಪಟ್ಟ ಕೊಪ್ಪಳ ಜಿಲ್ಲೆಯ ಹಳೆಯ ನಾಲ್ಕು ತಾಲ್ಲೂಕುಗಳಲ್ಲಿ ತೆರಿಗೆಯ ವ್ಯಾಪ್ತಿ ಒಂದೇ ತೆರನಾಗಿಲ್ಲ. ಕೊಪ್ಪಳ ತಾಲ್ಲೂಕಿನ ಗಿಣಿಗೇರಾ ಸುತ್ತಲಿನ ಉಕ್ಕು ಮತ್ತು ಕಬ್ಬಿಣದ ಕಾರ್ಖಾನೆಗಳಲ್ಲಿ ಸಂಬಳದ ಪಟ್ಟಿಯಿದೆ, ಕಡಿತವೂ ಇದೆ. ಮಳೆಯಾಶ್ರಿತ ಕುಷ್ಟಗಿ ಮತ್ತು ಯಲಬುರ್ಗಾಗಳಿಂದ ಬೆಂಗಳೂರು, ಮಂಗಳೂರು, ಗೋವಾಗಳಿಗೆ ಗುಳೆ ಹೋಗುವ ಕೂಲಿಕಾರರ ಹೆಸರು ಬಹುಮಟ್ಟಿಗೆ ಯಾವ ಪಟ್ಟಿಯಲ್ಲೂ ಇರುವುದಿಲ್ಲ. ಅವರಿಗೆ ವೃತ್ತಿ ತೆರಿಗೆಯ ವಿನಾಯಿತಿ ಹೆಸರಿಗಷ್ಟೇ. ಅವರು ತೆರುವುದು ಬಳಕೆಯ ಮೇಲಿನ ತೆರಿಗೆಗಳನ್ನು. ಡೀಸೆಲ್‌ ಮೇಲಿನ ರಾಜ್ಯದ ಮಾರಾಟ ತೆರಿಗೆಯು 2025ರ ಏಪ್ರಿಲ್‌ನಲ್ಲಿ ಶೇ. 18.4ರಿಂದ 21.17ಕ್ಕೆ ಏರಿದ್ದು, ಸಾಗಣೆ ವೆಚ್ಚದ ಮೂಲಕ ಸಂತೆಯ ಬೆಲೆಯನ್ನೂ ಮುಟ್ಟುತ್ತದೆ. ತುಂಗಭದ್ರಾ ನೀರಾವರಿಯ ಗಂಗಾವತಿಯು ಅಕ್ಕಿ ಗಿರಣಿಗಳಿಗೆ ಹೆಸರಾಗಿದೆ. 2022ರ ಜುಲೈ 18ರಿಂದ 25 ಕಿಲೋವರೆಗಿನ, ಮೊದಲೇ ಕಟ್ಟಿ ಚೀಟಿ ಹಚ್ಚಿದ ಅಕ್ಕಿಯ ಮೇಲೆ ಶೇ. 5ರಷ್ಟು ಸರಕು ಮತ್ತು ಸೇವಾ ತೆರಿಗೆ ಬಂದಿತು. ಅದರಲ್ಲಿ ಅರ್ಧ ರಾಜ್ಯದ ಪಾಲು. ಇದನ್ನು ತಪ್ಪಿಸಲು ವ್ಯಾಪಾರಿಗಳು 26 ಕಿಲೋ ಚೀಲಗಳನ್ನು ಮಾರುಕಟ್ಟೆಗೆ ತಂದರು. ಇಡೀ ಚೀಲವನ್ನು ಒಮ್ಮೆಲೇ ಕೊಳ್ಳಬಲ್ಲ ಮನೆಗೆ ಇದರ ಲಾಭ ಸಿಕ್ಕಿತು. ಐದು ಕಿಲೋ ಪೊಟ್ಟಣ ಒಯ್ಯುವವರಿಗೆ ತೆರಿಗೆ ಉಳಿಯಿತು.