ಸೂಳೆಕೆರೆಯ ಏರಿ ಮತ್ತು ಸ್ತರಭಂಗದ ಜಾರುವೇಗ

ಚನ್ನಗಿರಿ ತಾಲ್ಲೂಕಿನಲ್ಲಿ, ಎರಡು ಗುಡ್ಡಗಳ ನಡುವಿನ ಕಣಿವೆಗೆ ಅಡ್ಡವಾಗಿ, ಹರಿದ್ರಾ ಹಳ್ಳವನ್ನು ತಡೆದು ಸೂಳೆಕೆರೆಯ ಏರಿ ನಿಂತಿದೆ. ಸುಮಾರು 900 ವರ್ಷಗಳ ಈ ಏರಿಯನ್ನು ನಾನು ಇಲ್ಲಿ ಅಳತೆಗೋಲಾಗಿ ಮಾತ್ರ ಬಳಸುತ್ತೇನೆ. ಅದರಡಿ ಸ್ತರಭಂಗ, ಅಂದರೆ ಶಿಲೆ ಮುರಿದು ಜಾರುವ ಬಿರುಕು, ಇದೆ ಎಂಬುದು ನನ್ನ ವಾದವಲ್ಲ.

ಜಾರುವೇಗದ ಲೆಕ್ಕ ಸರಳ: ನೆಲ ಸರಿದ ದೂರವನ್ನು ಸರಿಯಲು ಹಿಡಿದ ಕಾಲದಿಂದ ಭಾಗಿಸಬೇಕು. ಕ್ಯಾಲಿಫೋರ್ನಿಯಾದ ಸ್ಯಾನ್ ಆಂಡ್ರಿಯಾಸ್ ಸ್ತರಭಂಗದ ಮೇಲೆ ವ್ಯಾಲೇಸ್ ಎಂಬ ತೊರೆಯ ಪಾತ್ರ ಸುಮಾರು 3,700 ವರ್ಷಗಳಲ್ಲಿ 130 ಮೀಟರಿನಷ್ಟು ಪಕ್ಕಕ್ಕೆ ಸರಿದಿದೆ. ವರ್ಷಕ್ಕೆ ಸುಮಾರು 35 ಮಿಲಿಮೀಟರ್ ಎಂದಾಯಿತು. ಅಂಥ ಸ್ತರಭಂಗದ ಮೇಲೆ ನಮ್ಮ ಏರಿ ಇದ್ದಿದ್ದರೆ ಇಷ್ಟರಲ್ಲಿ ಸುಮಾರು 30 ಮೀಟರ್ ಅಂತರಕ್ಕೆ ತುಂಡಾಗಿರುತ್ತಿತ್ತು. ವೇಗ ವರ್ಷಕ್ಕೆ 0.01 ಮಿಲಿಮೀಟರ್ ಆಗಿದ್ದರೆ? 900 ವರ್ಷಕ್ಕೆ ಒಂಬತ್ತೇ ಮಿಲಿಮೀಟರ್. ಕಲ್ಲಿನ ಸಂದಿಯಲ್ಲಿ ಅದು ಕಾಣುವುದೂ ಇಲ್ಲ. ಉಪಗ್ರಹ ಸಂಕೇತಗಳಿಂದ ಕೆಲವು ದಶಕ ಅಳೆದರೂ ಇಂಥ ಚಲನೆ ದೋಷದ ಮಿತಿಯೊಳಗೇ ಮುಳುಗಿಹೋಗುತ್ತದೆ.

ಹಾಗೆಂದು ಅದನ್ನು ಸೊನ್ನೆ ಎನ್ನಲಾಗದು. 1993ರ ಸೆಪ್ಟೆಂಬರ್ 30ರಂದು ಕಿಲ್ಲಾರಿಯಲ್ಲಿ, ಸ್ಥಿರವೆಂದು ನಂಬಿದ್ದ ಇದೇ ದಖ್ಖನ್ನಿನಲ್ಲಿ, 6.2 ಪ್ರಮಾಣದ ಕಂಪನ ಸುಮಾರು ಹತ್ತು ಸಾವಿರ ಜನರನ್ನು ಬಲಿ ತೆಗೆದುಕೊಂಡಿತು. ಒಂದು ಮೀಟರಿನ ಜಾರಿಕೆ ಲಕ್ಷ ವರ್ಷಕ್ಕೊಮ್ಮೆ ಸಂಭವಿಸಿದರೂ ಸರಾಸರಿ ವರ್ಷಕ್ಕೆ 0.01 ಮಿಲಿಮೀಟರೇ. ಸರಾಸರಿ ಸಣ್ಣದು, ಪೆಟ್ಟು ಸಣ್ಣದಲ್ಲ.

ಚಿತ್ರದುರ್ಗ ಶಿಸ್ಟ್ ಪಟ್ಟಿಯ ಪೂರ್ವದಂಚಿನಲ್ಲಿ ಗದಗದಿಂದ ಮಂಡ್ಯದತ್ತ ಸಾಗುವ ಬಿರುಕುವಲಯ ಸುಮಾರು 250 ಕೋಟಿ ವರ್ಷ ಹಳೆಯದು. ಅಲ್ಲಿನ ಒಟ್ಟು ಸರಿತವನ್ನು ಅಷ್ಟೂ ಕಾಲಕ್ಕೆ ಹಂಚಿದರೆ ದೊರೆಯುವ ಅಂಕಿ ಹುಸಿ: ಅಂದು ನೆಲದಾಳದಲ್ಲಿ ಬಿಸಿಯಾಗಿ ಹರಿದ ಶಿಲೆಗೂ ಇಂದು ಮೇಲ್ಪದರದಲ್ಲಿ ಮುರಿಯುವ ಶಿಲೆಗೂ ಒಂದೇ ವೇಗ ಹೊಂದದು. ನಮಗೆ ಬೇಕಾದದ್ದು ಇತ್ತೀಚಿನ ಕೆಲವು ಲಕ್ಷ ವರ್ಷಗಳ ಲೆಕ್ಕ. ಭೂವಿಜ್ಞಾನಿ ಕೆ.ಎಸ್. ವಾಲ್ದಿಯಾ ಮೈಸೂರು ಪ್ರಸ್ಥಭೂಮಿಯಲ್ಲಿ ಈ ದಾರಿ ತೋರಿದರು. ಹಳೆಯ ಸ್ತರಭಂಗಗಳು ಮತ್ತೆ ಚಲಿಸಿದಾಗ ಕಾವೇರಿಯ ನೀರು ನಿಂತು ಕೆರೆಯಾದ ಕುರುಹನ್ನು ಮೆಕ್ಕಲಿನಲ್ಲಿ ಓದಿದರು.

ಕಾಲ ತಿಳಿಯಲು ಸಾಧನಗಳಿವೆ. ವಿಕಿರಣ ಇಂಗಾಲ ಸುಮಾರು 50,000 ವರ್ಷಗಳವರೆಗೆ ನೆರವಾಗುತ್ತದೆ. ಮರಳಿನ ಕಣ ಕೊನೆಯ ಬಾರಿ ಬೆಳಕು ಕಂಡದ್ದು ಯಾವಾಗ ಎಂಬುದನ್ನು ದೀಪ್ತಿ ವಿಧಾನ ಹೇಳುತ್ತದೆ. ಬೆಣಚುಕಲ್ಲಿನಲ್ಲಿ ವಿಶ್ವಕಿರಣಗಳಿಂದ ಕೂಡುವ ಬೆರಿಲಿಯಂ-10 ಬಂಡೆ ಎಷ್ಟು ಕಾಲ ಬಯಲಿಗೆ ಬಿದ್ದಿದೆ ಎಂಬುದಕ್ಕೆ ಸಾಕ್ಷಿ. ಬೆಣಚು ಹೇರಳವಾಗಿರುವ ನಮ್ಮ ಗ್ನೈಸ್ ನೆಲಕ್ಕೆ ಇದು ಹೇಳಿಮಾಡಿಸಿದಂತಿದೆ. ಸ್ತರಭಂಗದ ಮೇಲೆ ಒಂದು ಲಕ್ಷ ವರ್ಷದ ಜಲ್ಲಿಪದರ ಕತ್ತರಿಸದೆ ಉಳಿದಿದ್ದರೆ ಅದೂ ಫಲಿತಾಂಶವೇ. ಹತ್ತು ಸೆಂಟಿಮೀಟರಿನ ಸರಿತ ಕಣ್ಣಿಗೆ ಬೀಳುವಂತಿದ್ದರೆ, ಆ ಅವಧಿಯ ಸರಾಸರಿ ವೇಗ ವರ್ಷಕ್ಕೆ 0.001 ಮಿಲಿಮೀಟರನ್ನು ಮೀರಿಲ್ಲ ಎಂದು ಧೈರ್ಯವಾಗಿ ಬರೆಯಬಹುದು. ನಮ್ಮಲ್ಲಿ ಪ್ರಕಟವಾಗಬೇಕಾದದ್ದು ಇಂಥ ಮೇಲ್ಮಿತಿಗಳು.

ಭದ್ರಾ ಮೇಲ್ದಂಡೆ ಯೋಜನೆಯ ಕಾಲುವೆಗಳಿಗಾಗಿ ಚಿತ್ರದುರ್ಗ ಸೀಮೆಯ ನೆಲವನ್ನು ಆಳವಾಗಿ ಕಡಿಯಲಾಗುತ್ತಿದೆ. ಇಂಥ ಕಡಿತದ ಗೋಡೆಗೆ ಕಾಂಕ್ರೀಟ್ ಹೊದಿಸುವ ಮೊದಲು ಭೂವಿಜ್ಞಾನಿಯೊಬ್ಬರು ಅದರ ಪದರಗಳನ್ನು ಅಳೆದು, ಚಿತ್ರ ಬರೆದು, ಮಾದರಿ ತೆಗೆದಿಡಲು ಅವಕಾಶವಾಗಲಿ.