ನಕ್ಷೆಯಲ್ಲಿಲ್ಲದ ಊರುಗಳಿಗಾಗಿ: ‘ಹಾಟ್’ ನಡೆದ ದಾರಿ

2010ರ ಜನವರಿ 12ರ ಇಳಿಹೊತ್ತಿನಲ್ಲಿ ಹೈಟಿಯ ನೆಲ ನಡುಗಿತು. 7.0 ತೀವ್ರತೆಯ ಆ ಭೂಕಂಪಕ್ಕೆ ರಾಜಧಾನಿ ಪೋರ್ಟ್-ಔ-ಪ್ರಿನ್ಸ್‌ನಲ್ಲಿ ಮನೆಗಳ ಜೊತೆಗೆ ಸರ್ಕಾರಿ ಕಚೇರಿಗಳೂ ಕುಸಿದವು. ಹೊರದೇಶಗಳಿಂದ ಬಂದಿಳಿದ ರಕ್ಷಣಾ ತಂಡಗಳಿಗೆ ಯಾವ ಓಣಿ ಎಲ್ಲಿಗೆ ಹೋಗುತ್ತದೆಂದು ತೋರಿಸುವ ಸರಿಯಾದ ನಕ್ಷೆ ಇರಲಿಲ್ಲ. ಬ್ರಿಟನ್ನಿನ ಸ್ಟೀವ್ ಕೋಸ್ಟ್ 2004ರಲ್ಲಿ ಆರಂಭಿಸಿದ, ಯಾರು ಬೇಕಾದರೂ ತಿದ್ದಬಹುದಾದ ಓಪನ್‌ಸ್ಟ್ರೀಟ್‌ಮ್ಯಾಪ್‌ನಲ್ಲೂ ಆ ನಗರದ ಕೆಲವು ಮುಖ್ಯ ರಸ್ತೆಗಳಷ್ಟೇ ಇದ್ದವು.

ಉಪಗ್ರಹ ಕಂಪನಿಗಳು ಹೊಸ ಚಿತ್ರಗಳನ್ನು ಮುಕ್ತವಾಗಿ ಬಿಟ್ಟುಕೊಟ್ಟವು. ಬೇರೆಬೇರೆ ಖಂಡಗಳಲ್ಲಿ ಕಂಪ್ಯೂಟರ್ ಮುಂದೆ ಕುಳಿತವರು ಆ ಚಿತ್ರಗಳ ಮೇಲೆ ಬೀದಿ, ಸೇತುವೆ, ಬಿದ್ದ ಕಟ್ಟಡ, ನಿರಾಶ್ರಿತರ ಗುಡಾರ ಎಲ್ಲವನ್ನೂ ಗೆರೆ ಎಳೆದು ಗುರುತಿಸಿದರು. ತಿಂಗಳೊಳಗೆ ಕೈಜೋಡಿಸಿದವರು 600ಕ್ಕೂ ಹೆಚ್ಚು. ರಕ್ಷಣಾ ತಂಡಗಳು ಆ ನಕ್ಷೆಯನ್ನು ತಮ್ಮ ಕೈಯ ಜಿಪಿಎಸ್‌ಗಳಿಗೆ ತುಂಬಿಕೊಂಡು ಬೀದಿಗಿಳಿದವು. ಅದೇ ಆಗಸ್ಟ್‌ನಲ್ಲಿ ಈ ಬಳಗ ‘ಹ್ಯುಮಾನಿಟೇರಿಯನ್ ಓಪನ್‌ಸ್ಟ್ರೀಟ್‌ಮ್ಯಾಪ್ ಟೀಮ್’ ಎಂಬ ಹೆಸರಿನಲ್ಲಿ ಅಮೆರಿಕದಲ್ಲಿ ಲಾಭರಹಿತ ಸಂಸ್ಥೆಯಾಗಿ ನೋಂದಣಿಯಾಯಿತು. ಬಲ್ಲವರ ಬಾಯಲ್ಲಿ ಅದು ‘ಹಾಟ್’.

ನನ್ನ ಮಟ್ಟಿಗೆ ಸಂಸ್ಥೆಯ ನಿಜವಾದ ಹುಟ್ಟು ಆ ನೋಂದಣಿಯಲ್ಲಿಲ್ಲ. ಅದಕ್ಕೂ ಮೊದಲು, ಮಾರ್ಚ್‌ನಲ್ಲಿ, ಇವರಲ್ಲಿ ಕೆಲವರು ಹೈಟಿಗೇ ಹೋಗಿ ಅಲ್ಲಿನವರಿಗೆ ನಕ್ಷೆ ಮಾಡುವುದನ್ನು ಕಲಿಸಿದ್ದರಲ್ಲಿದೆ. ದೂರದವನಿಗೆ ಕಾಣುವುದು ಚಾವಣಿ ಮಾತ್ರ. ಅದರ ಕೆಳಗಿರುವುದು ಶಾಲೆಯೋ ಆಸ್ಪತ್ರೆಯೋ, ಪಕ್ಕದ ಬಾವಿಯಲ್ಲಿ ನೀರಿದೆಯೋ ಇಲ್ಲವೋ, ಆ ಓಣಿಯನ್ನು ಜನ ಏನೆಂದು ಕರೆಯುತ್ತಾರೆ ಎಂಬುದು ಅಲ್ಲಿ ಬಾಳುವವರಿಗೇ ಗೊತ್ತು.

ಕೆಲಸ ಹಂಚಲು ಇವರು ಕಟ್ಟಿಕೊಂಡ ‘ಟಾಸ್ಕಿಂಗ್ ಮ್ಯಾನೇಜರ್’ ಸರಳ, ಆದರೆ ಜಾಣ ಏರ್ಪಾಡು. ಇಡೀ ಪ್ರದೇಶವನ್ನು ಚೌಕಗಳಾಗಿ ಕತ್ತರಿಸುತ್ತಾರೆ. ನೀವೊಂದು ಚೌಕ ಆರಿಸಿಕೊಂಡರೆ, ನೀವು ಮುಗಿಸುವ ತನಕ ಬೇರೆಯವರಿಗೆ ಅದು ಸಿಗದು. ಒಂದೇ ಮನೆಯನ್ನು ಇಬ್ಬರು ಬರೆಯುವ ವ್ಯರ್ಥ ತಪ್ಪುತ್ತದೆ. ಮುಗಿದ ಚೌಕವನ್ನು ಅನುಭವಿಯೊಬ್ಬರು ಮತ್ತೆ ನೋಡುತ್ತಾರೆ. ಹೊಸಬರ ಗೆರೆಗಳು ಸೊಟ್ಟಗಿರುತ್ತವೆ, ಮರದ ನೆರಳು ಮನೆಯಾಗಿರುತ್ತದೆ, ಒಣಗಿದ ಹಳ್ಳ ರಸ್ತೆಯಾಗಿರುತ್ತದೆ. ಅದನ್ನೆಲ್ಲ ಬೇಸರಿಸದೆ ತಿದ್ದುವ ಪರಿಶೀಲಕರಿಂದಲೇ ಈ ನಕ್ಷೆಗೆ ನಂಬಿಕೆ ಬಂದದ್ದು. ಸ್ವಯಂಸೇವಕರ ಸಂಖ್ಯೆಯನ್ನು ಕೊಂಡಾಡುವವರು ಇವರನ್ನು ಅಷ್ಟಾಗಿ ನೆನೆಯುವುದಿಲ್ಲ. ನನಗದು ಬೇಸರದ ಸಂಗತಿ.

2014ರಲ್ಲಿ ಗಿನಿ ದೇಶದ ಗೆಕೆಡು ಪ್ರದೇಶದಲ್ಲಿ ಎಬೋಲಾ ಹಬ್ಬಿತು. ಸೋಂಕಿತರು ಯಾರನ್ನು ಮುಟ್ಟಿದರು ಎಂದು ಹುಡುಕಬೇಕಾದರೆ ಅವರು ಹೇಳುವ ಹಳ್ಳಿ ಎಲ್ಲಿದೆಯೆಂದು ಮೊದಲು ತಿಳಿಯಬೇಕು. ‘ಗಡಿಗಳಿಲ್ಲದ ವೈದ್ಯರು’ ಸಂಸ್ಥೆಯ ಕೋರಿಕೆಗೆ ಓಗೊಟ್ಟು ಸ್ವಯಂಸೇವಕರು ಕೆಲವೇ ದಿನಗಳಲ್ಲಿ ಆ ಊರುಗಳನ್ನು ನಕ್ಷೆಗೆ ತಂದರು. ಕೇಡು ಬರುವ ತನಕ ಕಾಯುವುದೇಕೆ ಎಂಬ ಪ್ರಶ್ನೆ ಆಗ ಬಲವಾಯಿತು. ಅದೇ ನವೆಂಬರ್‌ನಲ್ಲಿ ಆ ವೈದ್ಯರ ಸಂಸ್ಥೆ, ಅಮೆರಿಕ ಮತ್ತು ಬ್ರಿಟನ್ನಿನ ರೆಡ್ ಕ್ರಾಸ್‌ಗಳು ಹಾಟ್ ಜೊತೆ ಸೇರಿ ‘ಮಿಸ್ಸಿಂಗ್ ಮ್ಯಾಪ್ಸ್’ ಆರಂಭಿಸಿದವು.

ಮುನ್ನವೇ ಸಿದ್ಧವಾಗಿದ್ದರೆ ಏನಾಗುತ್ತದೆ ಎಂಬುದನ್ನು ನೇಪಾಳ ತೋರಿಸಿತು. ಕಠ್ಮಂಡು ಲಿವಿಂಗ್ ಲ್ಯಾಬ್ಸ್ ತಂಡ ಕಣಿವೆಯ ಶಾಲೆ, ಆಸ್ಪತ್ರೆಗಳನ್ನು ಮೊದಲೇ ಗುರುತಿಸಿಟ್ಟಿತ್ತು. 2015ರ ಏಪ್ರಿಲ್ 25ರಂದು 7.8 ತೀವ್ರತೆಯ ಭೂಕಂಪವಾದಾಗ ಜಗತ್ತಿನೆಲ್ಲೆಡೆಯ ಸಾವಿರಾರು ಮಂದಿ ಗೆರೆ ಎಳೆದರು ನಿಜ, ಆದರೆ ಎಲ್ಲಿ ಏನು ಬೇಕು ಎಂದು ಹೇಳಿದ್ದು ಆ ನೇಪಾಳಿ ಯುವಕ ಯುವತಿಯರು. ಅದೇ ಡಿಸೆಂಬರ್‌ನಲ್ಲಿ ಚೆನ್ನೈ ಮುಳುಗಿದಾಗ, ನೀರು ನಿಂತ ಬೀದಿಗಳನ್ನು ಜನರೇ ಗುರುತಿಸಲು ಓಪನ್‌ಸ್ಟ್ರೀಟ್‌ಮ್ಯಾಪ್ ಆಧರಿಸಿದ ನಕ್ಷೆಯೊಂದು ಸಿದ್ಧವಾಯಿತು. ಅದರ ಹಿಂದೆ ಬೆಂಗಳೂರಿನ ನಕ್ಷೆಗಾರರ ದುಡಿಮೆಯೂ ಇತ್ತು.

2020ರಲ್ಲಿ ‘ಆಡೇಶಿಯಸ್ ಪ್ರಾಜೆಕ್ಟ್’ ಎಂಬ ಧನಸಹಾಯ ಯೋಜನೆಯ ನೆರವಿಗೆ ಆಯ್ಕೆಯಾದ ಹಾಟ್, 94 ದೇಶಗಳಲ್ಲಿ ನೂರು ಕೋಟಿ ಜನ ಬದುಕುವ ನೆಲವನ್ನು ನಕ್ಷೆಗೆ ತರುವ ಗುರಿ ಹಾಕಿಕೊಂಡಿತು. ಹಣ ಬಂದಾಗ ಕೇಂದ್ರ ಕಚೇರಿ ಬೆಳೆಯುವುದೇ ಹೆಚ್ಚು. ಇಲ್ಲಿ ಮನಿಲಾ, ನೈರೋಬಿಯಂಥ ನಗರಗಳಲ್ಲಿ ಪ್ರಾದೇಶಿಕ ಕೇಂದ್ರಗಳು ತೆರೆದವು. 2023ರ ಫೆಬ್ರವರಿ 6ರಂದು ಟರ್ಕಿ, ಸಿರಿಯಾ ನಡುಗಿದಾಗ ಹಾಟ್ ಹೆಗಲು ಕೊಟ್ಟು ನಿಂತದ್ದು ಟರ್ಕಿಯದೇ ನಕ್ಷೆಗಾರರ ಸಂಘದ ಜೊತೆಗೆ. ಚಾವಣಿಗಳನ್ನು ಈಗ ಯಂತ್ರವೂ ಗುರುತಿಸಬಲ್ಲದು. ಆ ಗೆರೆಗಳನ್ನು ಒಂದೊಂದಾಗಿ ನೋಡಿ, ಒಪ್ಪಿ, ತಿದ್ದುವ ಕೆಲಸಕ್ಕೆ ಇನ್ನೂ ಜನ ಬೇಕಾಗಿದ್ದಾರೆ.